ಬಾಗಿಲಿನಿಂದ ಮೂರನೆಯ ಗುಡಾಣ

ಗಾವಾಜಿ,
ಮೇ 7, ಈಸ್ಟರ್ ಕಳೆದ ಮಂಗಳವಾರ

ಪ್ರೀತಿಯ ತಮ್ಮ ಅಮಿರಾನನಿಗೆ ಅಕ್ಕನ ಆಶೀರ್ವಾದಗಳು.

ಕ್ರಿಸ್ತನು ಎದ್ದಿದ್ದಾನೆ! ನೀನು ಲಾರಿಯೊಳಗೇ ಕೂತಿದ್ದರೂ ಸರಿ, ಬಾಯಿಬಿಟ್ಟು "ನಿಜವಾಗಿಯೂ ಎದ್ದಿದ್ದಾನೆ" ಎಂದು ಹೇಳಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಆಮೇಲೆ ಮುಂದೆ ಓದು. ನಿನ್ನ ಸೊಂಟ ಹೇಗಿದೆ? ಘಟ್ಟದ ಮೇಲೆ ಮಣ್ಣು ಕುಸಿದು ಲಾರಿಗಳೆಲ್ಲ ಸಾಲುಗಟ್ಟಿ ನಿಂತಿವೆ, ಅಲ್ಲಿ ಬೆಳಿಗ್ಗೆ ಗಾಜಿನ ಮೇಲೆ ಇನ್ನೂ ಮಂಜುಗಡ್ಡೆ ಕಟ್ಟುತ್ತದೆ ಎಂದು ಪಕ್ಕದ ಮನೆಯ ಶಾಕ್ರೊ ಹೇಳಿದಾಗಿನಿಂದ ನನಗೆ ನಿನ್ನ ಸೊಂಟದ್ದೇ ಯೋಚನೆ. ಉಣ್ಣೆಯ ಪಟ್ಟಿಯನ್ನು ಸೀಟಿನ ಕೆಳಗೆ ಇಟ್ಟಿದ್ದೆ. ಕಟ್ಟಿಕೊಂಡಿದ್ದರೆ ಸಂತೋಷ, ಗಾಜು ಒರೆಸಲು ಬಳಸಿದ್ದರೆ ನನಗೆ ಹೇಳಬೇಡ. ಇಲ್ಲಿ ದೇವರ ದಯೆಯಿಂದ ಎಲ್ಲರೂ ಆರೋಗ್ಯ. ಅವ್ವನ ಮೊಣಕಾಲು ಹಬ್ಬದ ದಿನವೆಲ್ಲ ಒಂದಿಷ್ಟೂ ನೋಯಲಿಲ್ಲ, ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಹಿಡಿದುಕೊಂಡಿತು. ಟೆಕ್ಲೆ ಚೆನ್ನಾಗಿದ್ದಾಳೆ. ತುಂಬ ಚೆನ್ನಾಗಿದ್ದಾಳೆ. ಅದನ್ನು ಆಮೇಲೆ ಬರೆಯುತ್ತೇನೆ.

ಶಾಕ್ರೊ ತನ್ನ ವ್ಯಾನಿನಲ್ಲಿ ನಿಮ್ಮ ಲಾರಿ ಸಾಲಿಗೆ ಬ್ರೆಡ್ಡು, ಸೊಪ್ಪು ಮಾರಲು ಹೊರಟಿದ್ದಾನೆ. ಅವನ ಕೈಯಲ್ಲಿ ಹಬ್ಬದ ಸಿಹಿ ರೊಟ್ಟಿ ಕಳಿಸಿದ್ದೇನೆ, ಈ ವರ್ಷ ಚೆನ್ನಾಗಿ ಉಬ್ಬಿತು, ಒಣದ್ರಾಕ್ಷಿ ತಳಕ್ಕಿಳಿಯಲಿಲ್ಲ. ಮಂಜಿಷ್ಠದ ಬೇರಿನಲ್ಲಿ ಕುದಿಸಿದ ಕೆಂಪು ಮೊಟ್ಟೆಗಳಿವೆ. ಹಂದಿಮರಿಯ ತೊಡೆಯಿದೆ. ಇಲ್ಲಿಂದ ಹೊರಡುವಾಗ ಅದು ದೊಡ್ಡದಿತ್ತು, ನಿನ್ನ ಕೈಗೆ ಬರುವಾಗ ಚಿಕ್ಕದಾಗಿದ್ದರೆ ಶಾಕ್ರೊನ ಮೀಸೆ ಮೂಸಿ ನೋಡು. ಎಲ್ಲದರ ಅಡಿಯಲ್ಲಿ ಬಟ್ಟೆ ಸುತ್ತಿದ ಒಂದು ಸಣ್ಣ ಬಾಟಲಿ ಇದೆ. ಅದನ್ನು ಈ ಕಾಗದ ಓದಿ ಮುಗಿಯುವವರೆಗೆ ಬಿಚ್ಚಬೇಡ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯೇನೋ. ಘಟ್ಟದಲ್ಲಿ ನಿನ್ನ ಫೋನು ಸಿಕ್ಕರೆ ಅರ್ಧ ಮಾತು, ಇಲ್ಲದಿದ್ದರೆ ಬರೀ ಗಾಳಿ. ಪೂರ್ತಿ ಸಿಕ್ಕರೂ ನೀನು ಮೊದಲ ಮಾತಿಗೆ ಕೂಗುತ್ತೀಯ, ಎರಡನೆಯ ಮಾತಿಗೆ ಕಟ್ ಮಾಡುತ್ತೀಯ. ಕಾಗದವಾದರೆ ನೀನು ಎಷ್ಟು ಕೂಗಿದರೂ ಹೇಳುವುದನ್ನು ಹೇಳಿ ಮುಗಿಸುತ್ತದೆ.

ಹೊರಡುವ ದಿನ ಅಡುಗೆಮನೆಯಲ್ಲಿ ನಿಂತು ನೀನು ಹೇಳಿದ ಪಾಠ ನನಗೆ ಪ್ರಾರ್ಥನೆಯ ಹಾಗೆ ಬಾಯಿಗೆ ಬರುತ್ತದೆ. ಕುರಿಮರಿಯ ಹುಳಿಗೆ ಬಿಳಿ ವೈನು, ಪಾತ್ರೆಗೆ ಯಾವುದು ಹಾಕುತ್ತೀಯೋ ಲೋಟಕ್ಕೂ ಅದೇ. ಸುಟ್ಟ ಹಂದಿಮರಿಗೆ ಜೇನಿನ ಬಣ್ಣದ್ದು, ಯಾಕೆಂದರೆ ಕೊಬ್ಬನ್ನು ಕತ್ತರಿಸುವ ಒಗರು ಅದರಲ್ಲೇ ಇರುವುದು. ಕೆಂಪು ಕೊನೆಗೆ, ಮೊಟ್ಟೆ ರೊಟ್ಟಿಯ ಜೊತೆಗೆ, ಅಗಲಿದವರ ಹೆಸರಿಗೆ. ಬಿಳಿಯದನ್ನೂ ಜೇನುಬಣ್ಣದ್ದನ್ನೂ ನೀನೇ ಹೂಜಿಗಳಿಗೆ ತುಂಬಿಸಿಟ್ಟು ಹೋದೆ. "ಕೆಂಪು ಮಾತ್ರ ಶನಿವಾರ ತೆರೆಸು, ಮುಂಚೆ ತೆರೆದ್ರೆ ರುಚಿ ಹಾರಿಹೋಗುತ್ತೆ. ಬಾಗಿಲಿಂದ ಮೂರನೆಯ ಗುಡಾಣ" ಎಂದೆ. ಆಮೇಲೆ ಬೂಟಿನ ದಾರ ಕಟ್ಟುತ್ತಾ, ನನ್ನ ಮುಖ ನೋಡದೆ, "ಗೆಲಾನ ಅಪ್ಪ ಅಮ್ಮ ಬರ್ತಾರೆ. ಹೊಟ್ಟೆ ತುಂಬಾ ಹಾಕು. ಮಾತು ಮಾತ್ರ ಕೊಡಬೇಡ" ಎಂದೆ. ಅವರು ಮಗನಿಗೆ ನಮ್ಮ ಟೆಕ್ಲೆಯನ್ನು ಕೇಳಿಕೊಂಡು ಬರುತ್ತಿರುವುದು ಇದು ಮೂರನೆಯ ಈಸ್ಟರ್. ಮೊದಲ ಸಲ ನೀನು "ಮಗಳು ಇನ್ನೂ ಚಿಕ್ಕವಳು" ಎಂದೆ, ಇಪ್ಪತ್ತೆರಡು ತುಂಬಿತ್ತು. ಎರಡನೆಯ ಸಲ "ಹುಡುಗ ಸ್ಟೀಲ್ ಟ್ಯಾಂಕಲ್ಲಿ ವೈನು ಮಾಡೋ ಕಾರ್ಖಾನೆಯಲ್ಲಿದ್ದಾನೆ, ಅದು ಹಾಲಿನ ಡೈರಿ ಕೆಲಸ" ಎಂದೆ. ಈ ಸಲ ಹೇಳಲು ಏನೂ ಉಳಿದಿರಲಿಲ್ಲವೇನೋ, ಹಬ್ಬದ ವಾರವೇ ಬಾಡಿಗೆ ಹಿಡಿದು ಘಟ್ಟ ಹತ್ತಿಬಿಟ್ಟೆ. ಆ ಹುಡುಗಿ ಬಾಯಿಬಿಟ್ಟು ಏನೂ ಹೇಳುವವಳಲ್ಲ, ನಿನಗೆ ಗೊತ್ತು. ನೀನು ಗೇಟು ದಾಟಿದ ಮೇಲೆ ಹೋಗಿ ಕೋಳಿಗಳಿಗೆ ಕಾಳು ಹಾಕಿದಳು. ಅವತ್ತು ಅವುಗಳಿಗೆ ಎರಡು ಸಲ ಕಾಳು ಬಿತ್ತು.

ಆ ಇನ್ನೊಂದು ಗುಡಾಣದ ವಿಷಯವನ್ನೂ ನೀನು ಮರೆತಿರಲಾರೆ. ಟೆಕ್ಲೆ ಹುಟ್ಟಿದ ವರ್ಷದ ಕೆಂಪು ವೈನು ತುಂಬಿ, ಮೇಣ ಹಾಕಿ, ಕಲ್ಲು ಮುಚ್ಚಿ, ಅವಳ ಜ್ಞಾನಸ್ನಾನದ ಊಟದಲ್ಲಿ ಇಯೋಬ್ ಪಾದ್ರಿಗಳ ಎದುರಿಗೆ ಲೋಟ ಎತ್ತಿ ಹೇಳಿದ್ದೆ: "ಈ ಗುಡಾಣದ ಬಾಯಿ ಯಾವತ್ತು ತೆರೆಯುತ್ತೋ, ಆ ವಾರವೇ ನನ್ನ ಮಗಳ ಮದುವೆ. ತಪ್ಪಿದ್ರೆ ನಾನು ಈ ಮನೆ ಮಗ ಅಲ್ಲ." ಊರಿಗೆ ಊರೇ ಕೇಳಿಸಿಕೊಂಡಿತ್ತು, ಆಮೇಲೆ ಗೆಲಾನ ಮನೆಯವರ ಕಿವಿಗೂ ಬಿದ್ದಿತ್ತು. ಮುಂದೊಂದು ಸಲ ನಿನ್ನ ಸ್ನೇಹಿತರು ಅಮಲಿನಲ್ಲಿ ಅದರ ಮುಚ್ಚಳ ಎತ್ತಲು ಹೋದ ಮೇಲೆ, ಯಾರಿಗೂ ಗುರುತು ಸಿಗಬಾರದೆಂದು ನೀನು ನೆಲದಲ್ಲಿ ಬಾಯಿಮಟ್ಟಕ್ಕೆ ಹೂತಿರುವ ನಾಲ್ಕೂ ಗುಡಾಣಗಳ ಮೇಲೆ ಒಂದೇ ಥರ ಕಲ್ಲಿಟ್ಟು, ಒಂದೇ ಥರ ಮಣ್ಣು ಮೆತ್ತಿದೆ. ಯಾವುದು ಯಾವುದು ಎಂದು ನಿನಗೆ ಗೊತ್ತು, ಅವ್ವನಿಗೆ ಗೊತ್ತು. ನಾನು ಗಂಡನನ್ನು ಕಳೆದುಕೊಂಡು ಈ ಮನೆಗೆ ವಾಪಸು ಬಂದವಳು, ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇದನ್ನು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಂಡು ಮುಂದೆ ಓದು.

ಶನಿವಾರ ಮಧ್ಯಾಹ್ನ ಶಾಕ್ರೊನನ್ನು ಕರೆದೆ. ವೈನಿನ ಕೋಣೆಗೆ ಅಂಗಳದ ಕಡೆಯಿಂದ ಇರುವ ದೊಡ್ಡ ಬಾಗಿಲಿನ ಬೀಗದ ಕೈ ಹುಡುಕಿದರೆ ಎಲ್ಲಿಯೂ ಇಲ್ಲ. ಅದು ನಿನ್ನ ಜೇಬಿನಲ್ಲೇ ಘಟ್ಟ ಹತ್ತಿತ್ತು, ಈಗ ಬೇಕಾದರೆ ಮುಟ್ಟಿ ನೋಡಿಕೋ. ಇದ್ದಿದ್ದರೂ ನಾನು ಆ ಹೊಸ್ತಿಲು ದಾಟುತ್ತಿರಲಿಲ್ಲ ಬಿಡು, ಅಪ್ಪನ ಕಾಲದಿಂದ ಅದು ಗಂಡಸರ ಬಾಗಿಲು. ನಾವು ಹೆಂಗಸರು ಅಡುಗೆಮನೆಯ ಕಡೆಯ ಚಿಕ್ಕ ಬಾಗಿಲಲ್ಲಿ ಕೈ ಚಾಚಿ ಹೂಜಿ ಈಸಿಕೊಂಡವರೇ ಹೊರತು ಒಳಗೆ ಕಾಲಿಟ್ಟವರಲ್ಲ. ಮನೆಯಲ್ಲಿ ಗಂಡುದಿಕ್ಕಿಲ್ಲದ್ದಕ್ಕೆ ಪ್ರಾರ್ಥನೆ ಹೇಳಿಕೊಂಡು ಆ ಚಿಕ್ಕ ಬಾಗಿಲಿನಿಂದಲೇ ಬಗ್ಗಿ ಒಳಗೆ ಹೋದೆ, ಹಿಂದೆ ಶಾಕ್ರೊ. ಅವ್ವ ಬಾಗಿಲ ಬಾಯಲ್ಲಿ ಸ್ಟೂಲು ಹಾಕಿಸಿಕೊಂಡು ಕೂತಳು. ಒಂದು, ಎರಡು, ಮೂರು ಎಂದು ಎಣಿಸಿ ನಾನು ಮೂರನೆಯ ಕಲ್ಲಿನ ಮೇಲೆ ನಿಂತೆ. "ಇದೇನಾ ಅವ್ವಾ?" ಎಂದು ಕೇಳಿದೆ. "ಅವನು ಎಷ್ಟನೆಯದು ಅಂದ?" ಎಂದಳು. "ಮೂರನೆಯದು." "ನೀನು ಎಷ್ಟನೆಯದರ ಮೇಲೆ ನಿಂತಿದ್ದೀಯ?" "ಮೂರನೆಯದರ ಮೇಲೆ." "ಮತ್ತೆ ನನ್ನನ್ನೇನು ಕೇಳ್ತೀಯ? ನನಗೆ ಕಣ್ಣು ಮಂಜು" ಎಂದಳು. ಶಾಕ್ರೊ ಮಣ್ಣು ಕೆರೆದು, ಕಲ್ಲು ಸರಿಸಿ, ಮೇಣ ಬಿಡಿಸಿದ. ಮೇಣ ಕಲ್ಲಿನಷ್ಟು ಗಟ್ಟಿಯಾಗಿತ್ತು. "ಅಮಿರಾನ್ ಹೋದ ವರ್ಷ ಹಾಕಿದ್ದೋ ನಿಮ್ಮ ಅಜ್ಜ ಹಾಕಿದ್ದೋ?" ಎಂದು ಬೈದುಕೊಂಡ. ಆಗಲಾದರೂ ನನಗೆ ತಿಳಿಯಬೇಕಿತ್ತು. ಸೋರೆಬುರುಡೆಯ ಸೌಟು ಇಳಿಸಿ ಎತ್ತಿದರೆ ಕೆಂಪು. ನೀನು ಹೇಳಿದ್ದೂ ಕೆಂಪು. ಇನ್ನೇನು ಬೇಕು? ಶಾಕ್ರೊ ಸೌಟಿನ ಅಂಚಿಗೆ ಮೂಗು ತಂದು, "ಅಕ್ಕಾ, ಇದರ ವಾಸನೆ ಬೇರೆ ಇದೆ. ಒಂದೇ ಒಂದು ತೊಟ್ಟು, ನಾಲಿಗೆ ತುದಿಗೆ" ಎಂದ. ನಾನು ಅವನ ಕೈಯ ಮೇಲೆ ಬಾರಿಸಿ, "ಸ್ವಾಮಿ ಇನ್ನೂ ಸಮಾಧಿಯಲ್ಲಿದ್ದಾನೆ, ನೀನು ಸೌಟು ನೆಕ್ಕೋಕೆ ನಿಂತಿದ್ದೀಯಾ? ನಾಳೆವರೆಗೂ ತಡ್ಕೊಂಡ್ರೆ ಸಾಯಲ್ಲ" ಎಂದು ಗದರಿಸಿ ಹೂಜಿಗಳಿಗೆ ತುಂಬಿಸಿದೆ. ಉಪವಾಸದ ದಿನ ಅವನನ್ನು ಪಾಪದಿಂದ ಕಾಪಾಡಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಆ ಒಂದು ತೊಟ್ಟು ಅವನು ನೆಕ್ಕಿದ್ದರೆ ಈ ಕಾಗದ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಭಾನುವಾರ ಬೆಳಗಿನ ಜಾವ ಚರ್ಚಿನಿಂದ ದೀಪ ತಂದು, ಮೊಟ್ಟೆಯಿಂದ ಉಪವಾಸ ಬಿಟ್ಟೆವು. ನಾನು ವೈನು ಮುಟ್ಟುವವಳಲ್ಲ, ಟೆಕ್ಲೆ ಅರ್ಧ ಮೊಟ್ಟೆ ತಿಂದು ಪಾತ್ರೆ ಜೋಡಿಸಲು ಎದ್ದಳು. ಅವ್ವ ಮಾತ್ರ ಮೊಟ್ಟೆಯ ಜೊತೆ ಒಂದು ಲೋಟ ಕೆಂಪು ಕುಡಿದು, ಕಣ್ಣು ಮುಚ್ಚಿಕೊಂಡು ಸುಮಾರು ಹೊತ್ತು ಕೂತಿದ್ದಳು. ಜಪ ಮಾಡುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಲೋಟ ಮುಂದೆ ಚಾಚಿ "ಇನ್ನೊಂದು" ಎಂದಳು. ನಮ್ಮ ಅವ್ವ ಹೊತ್ತು ಹುಟ್ಟುವ ಮುಂಚೆ ಎರಡನೆಯ ಲೋಟ ಕೇಳಿದ್ದನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದೀಯಾ? ನಾನು ನೋಡಿಲ್ಲ. ಆದರೂ ನಾನು ಪೆದ್ದಿ, ಹಬ್ಬದ ಸಂತೋಷ ಎಂದುಕೊಂಡು ಬಗ್ಗಿಸಿದೆ.

ಮಧ್ಯಾಹ್ನಕ್ಕೆ ಬೀಗರು ಬಂದರು. ಬೀಗರು ಎಂದು ಕೈತಪ್ಪಿ ಬರೆದೆ, ಹೊಡೆದು ಹಾಕುವುದಿಲ್ಲ. ಗೆಲಾನ ಅಪ್ಪ ವಲೀಕೊ ಹೋದ ವರ್ಷಕ್ಕಿಂತ ಒಣಗಿದ್ದಾನೆ, ನಾಲಿಗೆ ಮಾತ್ರ ಹಾಗೇ ಇದೆ. ಹೆಂಡತಿ ನಾನುಲಿ ಕೈಯಲ್ಲಿ ಕರವಸ್ತ್ರವನ್ನು ಮುದ್ದೆ ಮಾಡಿ ಹಿಡಿದುಕೊಂಡೇ ಒಳಗೆ ಬಂದಳು, ಊಟ ಮುಗಿಯುವವರೆಗೂ ಅದನ್ನು ಬಿಡಲಿಲ್ಲ. ಗೆಲಾ ಹೊಸ ಷರಟು ಹಾಕಿಕೊಂಡು, ಸೊಂಟದಷ್ಟು ಎತ್ತರದ ಗಾಜಿನ ಜಾಡಿಯೊಂದನ್ನು ಹೊತ್ತು ತಂದ. ಅದು ಅವರ ಇಮೆರೇತಿ ಸೀಮೆಯ ಬಿಳಿ ವೈನು. ನಮ್ಮ ಮನೆಗೆ ವೈನು ತರುವುದೆಂದರೆ ಏನು ಧೈರ್ಯ ನೋಡು! "ತಂಗೀ, ಕುರಿಮರಿ ಹುಳಿಗೆ ನಿಮ್ಮದು ಆಗಿಬರಲ್ಲ" ಎಂದು ವಲೀಕೊ ಹೊಸ್ತಿಲಲ್ಲೇ ಶುರುಮಾಡಿದ. "ಹುಳಿ ಪ್ಲಮ್ ಕಾಯಿ, ತಾರ್ಖುನ್ ಸೊಪ್ಪು, ಎಳೇ ಮಾಂಸ. ಅದರ ಜೊತೆ ನಿಮ್ಮ ಕಾಖೇತಿ ವೈನು ಕುಡಿದ್ರೆ ಮದುವೆಮನೆಗೆ ಕೊಡಲಿ ತಗೊಂಡು ಹೋದ ಹಾಗೆ." ಅವ್ವ ಒಳಗಿನಿಂದಲೇ, "ನಿಮ್ಮದು ಕುಡಿದ ಮೇಲೆ ನಾವು ಕುಡಿದದ್ದು ನೀರಾ ಅಂತ ಪಕ್ಕದವರನ್ನ ಕೇಳಿ ತಿಳ್ಕೋಬೇಕು" ಎಂದಳು. ನಾನು ನೀನು ಹೇಳಿದ ಹಾಗೆ ಪಾತ್ರೆಗೆ ನಮ್ಮ ಬಿಳಿಯದನ್ನೇ ಸುರಿದು ಬೇಯಿಸಿದ್ದೆ. ಲೋಟಕ್ಕೂ ಅದೇ ಬರಬೇಕೆಂದು ಹಠ ಹಿಡಿದೆ. ವಲೀಕೊ ತನ್ನದೇ ಬರಬೇಕೆಂದ. ಕಡೆಗೆ ನಿನ್ನ ಜಾಗದಲ್ಲಿ ಕೂತು, ಲೋಟ ಎತ್ತಿ ಮಾತು ಹೇಳುವ ಪಂಕ್ತಿಯ ಯಜಮಾನಿಕೆ ಮಾಡುತ್ತಿದ್ದ ಶಾಕ್ರೊ, ಒಂದು ತುತ್ತಿಗೆ ನಮ್ಮದು, ಒಂದು ತುತ್ತಿಗೆ ಅವರದು ಕುಡಿದು ನ್ಯಾಯ ಹೇಳುತ್ತೇನೆ ಎಂದ. ತಟ್ಟೆ ಖಾಲಿಯಾದರೂ ನ್ಯಾಯ ತೀರಲಿಲ್ಲ. "ಸಾಕ್ಷಿ ಸಾಲ್ತಿಲ್ಲ" ಎಂದು ಇನ್ನೊಂದು ತಟ್ಟೆ ಹಾಕಿಸಿಕೊಂಡ. ನಿನ್ನಲ್ಲಿ ಮುಚ್ಚಿಡುವುದು ಯಾಕೆ, ಯಾರೂ ನೋಡದಾಗ ಅಡುಗೆಮನೆಯಲ್ಲಿ ನಾನೂ ಅವರ ವೈನಿನಲ್ಲಿ ರೊಟ್ಟಿಯ ಚೂರು ಅದ್ದಿ ಹುಳಿಯ ಜೊತೆ ತಿಂದೆ. ಚೆನ್ನಾಗಿತ್ತು. ದೇವರಾಣೆ, ನಮ್ಮದಕ್ಕಿಂತ ಚೆನ್ನಾಗಿ ಹೊಂದಿತು. ಇದನ್ನು ವಲೀಕೊಗೆ ಹೇಳಿದರೆ ನಾನು ನಿನ್ನ ಅಕ್ಕನೇ ಅಲ್ಲ.

ಹಂದಿಮರಿ ಬಂತು, ಜೇನುಬಣ್ಣದ್ದು ಬಂತು. ಗೆಲಾ ತನ್ನ ಕಾರ್ಖಾನೆಯ ಒಂದು ಬಾಟಲಿಯನ್ನೂ ನಾಚಿಕೊಂಡೇ ಮೇಜಿನ ಮೇಲಿಟ್ಟ. ಯಾವ ಊಟಕ್ಕೆ ಕುಡಿಯಬೇಕೆಂದು ಅದರ ಬೆನ್ನಿಗೆ ಅಚ್ಚು ಹಾಕಿಸಿದ್ದಾರೆ. ಅವ್ವ ಅದನ್ನು ತಿರುಗಿಸಿ ನೋಡಿ, "ಪಾಪ, ಇದಕ್ಕೆ ಹೇಳಿಕೊಡೋರು ಮನೇಲಿ ಯಾರೂ ಇಲ್ವಾ, ಬೆನ್ನಿಗೆ ಬರ್ಕೊಂಡು ಓಡಾಡ್ತಿದೆ" ಎಂದಳು. ಗೆಲಾನೇ ಮೊದಲು ನಕ್ಕ. ಅದು ನನಗೆ ಇಷ್ಟವಾಯಿತು ಅಮಿರಾನ್. ತನ್ನ ಮೇಲಿನ ನಗೆಯನ್ನು ತಾನೇ ಮೊದಲು ನಗುವ ಗಂಡಸು ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ. ವಲೀಕೊ ನಮ್ಮ ವೈನನ್ನು ಒಂದು ಗುಟುಕು ಕುಡಿದು, "ಇದನ್ನ ಕುಡಿಯೋದಲ್ಲ, ಅಗಿಯೋದು. ಹಲ್ಲಿಲ್ಲದೋರು ಏನ್ಮಾಡ್ತಾರೆ?" ಎಂದ. ಎಲ್ಲರೂ ನಕ್ಕರು. ಆದರೆ ಆ ನಗು ನಿಂತ ಮೇಲೆ ಅವನು ಚಾಕು ಕೆಳಗಿಟ್ಟ. ಅವನ ದನಿ ಬೇರೆಯಾಯಿತು. "ತಾಯೀ, ತಮಾಷೆ ಸಾಕು. ಮೂರು ವರ್ಷದಿಂದ ನಿಮ್ಮ ಮನೆ ಹಂದಿಮರಿ ತಿಂದು ಹೋಗ್ತಿದೀವಿ. ಉತ್ತರ ಸಿಕ್ಕಿಲ್ಲ. ಈ ಸಲ ಯಜಮಾನನೂ ಮನೇಲಿಲ್ಲ. ನಂಗೂ ಮರ್ಯಾದೆ ಅಂತ ಒಂದಿದೆ. ಇವತ್ತು ಬರೀ ಹೊಟ್ಟೆ ತುಂಬಿಸ್ಕೊಂಡು ಹೋದ್ರೆ ಮುಂದಿನ ಹಬ್ಬಕ್ಕೆ ನಾವು ಬರೋರಲ್ಲ. ಹುಡುಗ ಬೇಕಾದ್ರೆ ಒಬ್ಬನೇ ಬಂದು ಗೇಟಲ್ಲಿ ನಿಂತ್ಕೊಳ್ಳಲಿ" ಎಂದ. ಟೆಕ್ಲೆ ರೊಟ್ಟಿ ಕತ್ತರಿಸುತ್ತಿದ್ದಳು. ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಏಳು ಜನಕ್ಕೆ ಬೇಕಾದದ್ದು ಮುಗಿದು, ಹದಿನಾಲ್ಕು ಜನಕ್ಕಾಗುವಷ್ಟು ಮುಗಿದು, ಇನ್ನೂ ಕತ್ತರಿಸುತ್ತಲೇ ಇದ್ದಳು. ನನಗೆ ನಿನ್ನ ಮಾತು ನೆನಪಿತ್ತು. ಬಾಯಿ ಬಿಗಿಹಿಡಿದುಕೊಂಡೆ. ಏನು ಮಾಡಲೂ ತೋಚದೆ, "ಅಗಲಿದವರ ಹೆಸರು ಹೇಳೋದು ಬಾಕಿಯಿದೆ" ಎಂದು ಎದ್ದು ಕೆಂಪು ಹೂಜಿ ತಂದಿಟ್ಟೆ.

ಶಾಕ್ರೊ ಎದ್ದು ನಿಂತ. ಎಷ್ಟು ಕುಡಿದಿದ್ದರೂ ಅಗಲಿದವರ ಮಾತಿಗೆ ಅವನ ನಾಲಿಗೆ ಸರಿಯಾಗಿಯೇ ನಿಲ್ಲುತ್ತದೆ. ಅಪ್ಪನ ಹೆಸರು ಹೇಳಿದ, ನನ್ನ ಗಂಡನ ಹೆಸರು ಹೇಳಿದ, ಕೊನೆಗೆ ನಿನ್ನ ಹೆಂಡತಿ ದಾರೀಕೊಳ ಹೆಸರು ಹೇಳಿದ: "ಮಗಳ ಮುಖ ನೋಡಿದ್ಲು, ಮದುವೆ ನೋಡೋಕೆ ಆಗಲಿಲ್ಲ." ಎಲ್ಲರೂ ಎದ್ದು ಲೋಟದಿಂದ ಒಂದೊಂದು ಹನಿ ರೊಟ್ಟಿಯ ಮೇಲೆ ಚೆಲ್ಲಿ ಕುಡಿದರು. ವಲೀಕೊ ಕುಡಿದ. ನಾನು ಅವನ ಬಾಯನ್ನೇ ನೋಡುತ್ತಿದ್ದೆ, ಈಗೇನು ಕೊಂಕು ತೆಗೆಯುತ್ತಾನೋ ಎಂದು. ಅವನು ಇನ್ನೊಂದು ಗುಟುಕು ಕುಡಿದ. ಕೂತುಕೊಂಡ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ಶಾಕ್ರೊ ತನ್ನ ಲೋಟದೊಳಗೆ ಇಣುಕಿ ನೋಡಿ, ನನ್ನ ಕಡೆ ನೋಡಿ, ಮತ್ತೆ ಲೋಟ ನೋಡಿದ. ವಲೀಕೊ ಪಿಸುದನಿಯಲ್ಲಿ, "ತಾಯೀ, ಇದು ಯಾವ ವರ್ಷದ್ದು?" ಎಂದ. ಅವ್ವ ರೊಟ್ಟಿ ಅಗಿಯುತ್ತಿದ್ದಳು. ನಿಧಾನವಾಗಿ ಅಗಿದು, ನುಂಗಿ, "ಹುಡುಗಿ ಹುಟ್ಟಿದ ವರ್ಷದ್ದು" ಎಂದಳು. ಮತ್ತೆ ಬಗ್ಗಿಸಲು ಎತ್ತಿದ್ದ ಹೂಜಿ ಕೈಯಿಂದ ಜಾರಲಿಲ್ಲ, ಸಂತ ಜಾರ್ಜನೇ ಹಿಡಿದುಕೊಂಡ ಎಂದೇ ನಾನು ಹೇಳುವುದು. ವಲೀಕೊ ಎದ್ದ. ಅವನ ಕಣ್ಣಿನಿಂದ ನೀರು ಇಳಿದು ಮೀಸೆಗೆ ಸೇರುತ್ತಿತ್ತು. "ನಾನೊಬ್ಬ ಮೂರ್ಖ! ಉತ್ತರ ಕೊಡಿ, ಉತ್ತರ ಕೊಡಿ ಅಂತ ಬಡ್ಕೊಂಡೆ. ನೀವು ಆಗಲೇ ಗುಡಾಣನೇ ತೆರೆದು ಇಟ್ಟಿದೀರಿ. ಮನೇಲಿಲ್ದೇನೇ ಇಷ್ಟು ದೊಡ್ಡ ಮರ್ಯಾದೆ ಮಾಡಿದನಲ್ಲ ಅಮಿರಾನ್! ಎಂಥಾ ಮನುಷ್ಯ!" ಎಂದು ಅವ್ವನ ಕೈಗೆ ಮುತ್ತಿಟ್ಟ, ನನ್ನ ಕೈಗೆ ಮುತ್ತಿಟ್ಟ, ಅಳುತ್ತಾ ಶಾಕ್ರೊನ ಕೆನ್ನೆಗೂ ಮುತ್ತಿಟ್ಟ. ನಾನುಲಿ ಆ ಮುದ್ದೆ ಕರವಸ್ತ್ರ ಬಿಚ್ಚಿದಳು. ಒಳಗೆ ಉಂಗುರ ಇತ್ತು. ಪಾಪ, ಮೂರು ಈಸ್ಟರ್ ಅದನ್ನು ಹಾಗೇ ಹಿಡಿದುಕೊಂಡು ಬಂದು ಹಾಗೇ ಹಿಡಿದುಕೊಂಡು ಹೋಗಿದ್ದಾಳೆ. ಟೆಕ್ಲೆ ಚಾಕು ಹಿಡಿದೇ ನನ್ನ ಮುಖ ನೋಡಿದಳು. "ಅತ್ತೇ?" ಎಂದಳು, ಅಷ್ಟೇ.

ಈಗ ನೀನೇ ಹೇಳು, ನಾನು ಏನು ಮಾಡಬೇಕಿತ್ತು? ಕ್ರಿಸ್ತನು ಎದ್ದ ದಿನ ಸುಳ್ಳು ಹೇಳಬಾರದು. ನಿಜ ಹೇಳಿದರೆ ಉಂಗುರ ಮತ್ತೆ ಕರವಸ್ತ್ರಕ್ಕೆ ಹೋಗುತ್ತದೆ. ಅದಕ್ಕೇ ನಾನು ಏನೂ ಹೇಳದೆ ಹುಡುಗಿಯ ಕೈಯಿಂದ ಚಾಕು ಈಸಿಕೊಂಡೆ. ಉಂಗುರ ಹಾಕಿಸಿಕೊಳ್ಳಲು ಕೈ ಖಾಲಿ ಬೇಕಲ್ಲ. ನೀನು ಮಾತು ಕೊಡಬೇಡ ಎಂದಿದ್ದೆ, ನಾನು ಕೊಟ್ಟಿಲ್ಲ. ಬೇಕಾದರೆ ಶಾಕ್ರೊನನ್ನು ಕೇಳು, ಒಂದು ಅಕ್ಷರ ಕೊಟ್ಟಿಲ್ಲ. ಮಾತು ಕೊಟ್ಟದ್ದು ಗುಡಾಣ. ಅವರೆಲ್ಲ ಅಳುತ್ತಾ ನಗುತ್ತಾ ಇರುವಾಗ ನಾನು ಅಡುಗೆಮನೆಯ ಕಡೆಯಿಂದ ಕೋಣೆಗೆ ನುಗ್ಗಿ, ಆ ತುದಿಗೆ ಹೋಗಿ, ನಿನ್ನ ದೊಡ್ಡ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಮತ್ತೆ ಎಣಿಸಿದೆ. ತೆರೆದಿದ್ದ ಗುಡಾಣ ಆ ಕಡೆಯಿಂದ ಎರಡನೆಯದಾಯಿತು. ನಿನ್ನ ಮೂರನೆಯದು ಮೇಣ ಮೆತ್ತಿಕೊಂಡು ಹಾಯಾಗಿ ಮಲಗಿತ್ತು. ಹಿಂದೆಯೇ ಬಂದಿದ್ದ ಶಾಕ್ರೊ ತಲೆ ಕೆರೆದುಕೊಂಡು, "ಅಕ್ಕಾ, ಬಾಗಿಲಿಂದ ಅಂದ್ರೆ ಯಾವ ಬಾಗಿಲು ಅಂತ ಅವನು ಹೇಳ್ಲಿಲ್ವಾ?" ಎಂದ. ಹೇಳಲಿಲ್ಲ. ನೀನು ಹುಟ್ಟಿದಾಗಿನಿಂದ ಒಂದೇ ಬಾಗಿಲಲ್ಲಿ ಓಡಾಡಿದವನು, ಈ ಮನೆಗೆ ಇನ್ನೊಂದು ಬಾಗಿಲಿದೆ ಎಂದು ನಿನಗೆ ಯಾಕೆ ಹೊಳೆಯಬೇಕು? ಅವ್ವನನ್ನು ಬೈಯಬೇಡ. ಅವಳಿಗೆ ವಯಸ್ಸಾಯಿತು, ಕಣ್ಣು ಮಂಜು, ಕತ್ತಲೆ ಕೋಣೆಯಲ್ಲಿ ಎಣಿಕೆ ತಪ್ಪಿರಬೇಕು.

ನಿನ್ನೆ ಸೋಮವಾರ ಸಮಾಧಿಗಳ ಹತ್ತಿರ ಹೋಗಿದ್ದೆವು. ದಾರೀಕೊಳ ಕಲ್ಲಿನ ಮೇಲೆ ಟೆಕ್ಲೆ ಕೆಂಪು ಮೊಟ್ಟೆ ಉರುಳಿಸಿದಳು, ಗೆಲಾ ಹುಲ್ಲು ಕಿತ್ತು ಚೊಕ್ಕಟ ಮಾಡಿದ. ಆ ಗುಡಾಣದ ವೈನನ್ನು ನಾನು ಒಂದು ಲೋಟ ತುಂಬ ಅವಳ ಮಣ್ಣಿಗೆ ಹೊಯ್ದೆ. ಬೇರೆಯವರಿಗೆಲ್ಲ ಹನಿ, ಅವಳಿಗೆ ಲೋಟ ತುಂಬ. ಇಯೋಬ್ ಪಾದ್ರಿಗಳನ್ನು ಪಕ್ಕಕ್ಕೆ ಕರೆದು ನಡೆದದ್ದನ್ನೆಲ್ಲ ಹೇಳಿ, ನಾನು ಬಾಯಿ ಮುಚ್ಚಿಕೊಂಡದ್ದು ಪಾಪವೇ ಎಂದು ಕೇಳಿದೆ. ಅವರು ಗಡ್ಡ ನೀವಿಕೊಂಡು, ವಿಷಯ ದೊಡ್ಡದು, ರುಚಿ ನೋಡದೆ ಹೇಳಲಾಗದು ಎಂದರು. ರುಚಿ ನೋಡಿದರು. ಇನ್ನೊಮ್ಮೆ ನೋಡಿದರು. ಪಾಪವಲ್ಲ ಎಂದರು. ಅಮಿರಾನ್, ಈಗ ನಾನು ನಿಜವಾದ ವಿಷಯ ಬರೆಯುತ್ತೇನೆ, ಕೋಪ ಮಾಡಿಕೊಳ್ಳಬೇಡ. ಆ ಹುಡುಗನಲ್ಲಿ ನಿನಗೆ ಕೊರತೆ ಕಾಣಲಿಲ್ಲ, ಅವನ ಸ್ಟೀಲ್ ಟ್ಯಾಂಕಿನಲ್ಲೂ ಕಾಣಲಿಲ್ಲ. ಸಂಜೆ ಹೊತ್ತು ನೀನು ಆ ಗುಡಾಣದ ಕಲ್ಲಿಗೆ ಕಿವಿಯಿಟ್ಟು ಕೂತಿರುವುದನ್ನು ಅವ್ವ ನೋಡಿದ್ದಾಳೆ. ಆ ಗುಡಾಣ ತೊಳೆಯಲು ದಾರೀಕೊ ಹಸಿಬಾಣಂತಿಯಾಗಿದ್ದರೂ, ಹೆಂಗಸರು ಕಾಲಿಡದ ಕೋಣೆಗೆ ಹೋಗಿಯೇ ತೀರುತ್ತೇನೆಂದು ಹಠ ಮಾಡಿ, ಚೆರ್ರಿ ತೊಗಟೆಯ ಕುಂಚ ಹಿಡಿದು ಒಳಗಿಳಿದಿದ್ದಳು, ಅಲ್ಲಿಂದಲೇ ಹಾಡುತ್ತಿದ್ದಳು. ಭೂಮಿಯೊಳಗಿಂದ ಹಾಡು ಬಂದ ಹಾಗೆ ಕೇಳುತ್ತಿತ್ತು ಎಂದು ನೀನೇ ಎಷ್ಟು ಸಲ ಹೇಳಿಲ್ಲ! ಇಷ್ಟು ವರ್ಷ ಮಣ್ಣಿನ ಗುಡಾಣದಲ್ಲಿ ವೈನು ನಿಲ್ಲುವುದಿಲ್ಲ, ಹುಳಿಯಾಗುತ್ತದೆ ಎಂದು ಊರೆಲ್ಲ ಹೇಳಿತು. ನೀನು ನಿಲ್ಲುತ್ತದೆ ಎಂದೆ, ಆದರೆ ತೆರೆದು ನೋಡುವ ಧೈರ್ಯ ಮಾಡಲಿಲ್ಲ. ಹುಳಿಯಾಗಿದ್ದರೆ ಅವಳು ಎರಡನೆಯ ಸಲ ಸತ್ತ ಹಾಗೆ ಎಂದು ಹೆದರಿದೆ. ನಿನ್ನ ಹೆದರಿಕೆಗೆ ಕೂಸಿನ ಮದುವೆ ಕಾಯುತ್ತಾ ಕೂತಿತ್ತು. ನಾನು ಓದಿದ್ದು ಊರ ಶಾಲೆಯಲ್ಲಿ, ಆದರೆ ಇಷ್ಟು ಓದಲು ಬರುತ್ತದೆ.

ಈಗ ಆ ಬಾಟಲಿ ಬಿಚ್ಚು. ಮೊದಲ ಹೂಜಿಯದ್ದೇ ಅದು, ನಿನಗೆಂದು ತೆಗೆದಿಟ್ಟದ್ದು. ಜೊತೆಗೆ ರೊಟ್ಟಿ ಮುರಿದುಕೋ, ಮೊಟ್ಟೆ ಸುಲಿದುಕೋ, ಕೆಂಪಿಗೆ ಅದೇ ಸರಿ ಎಂದು ನೀನೇ ಹೇಳಿದ್ದು. ಹಂದಿಮಾಂಸದ ಜೊತೆ ಕುಡಿಯಬೇಡ, ರುಚಿ ಕೆಡುತ್ತದೆ ಎಂದು ವಲೀಕೊ ಹೇಳಿ ಕಳಿಸಿದ್ದಾನೆ, ಈ ಒಂದು ಮಾತು ಕೇಳು. ಹುಳಿಯಾಗಿಲ್ಲ ತಮ್ಮಾ. ಒಂಚೂರೂ ಹುಳಿಯಾಗಿಲ್ಲ. ವೈನು ಮುಟ್ಟದ ನಾನೂ ಸಮಾಧಿಯ ಹತ್ತಿರ ಬೆರಳು ಅದ್ದಿ ನೋಡಿದೆ.

ದೇವರ ತಾಯಿ ನಿನ್ನ ದಾರಿ ಕಾಯಲಿ, ನಿನ್ನ ಸೊಂಟವನ್ನೂ ಕಾಯಲಿ. ಲಾರಿ ಸಾಲಿನಲ್ಲಿ ನಿನ್ನ ಜೊತೆಗಿರುವವರಿಗೆಲ್ಲ ಒಂದೊಂದು ಮೊಟ್ಟೆ ಕೊಡು, ಹಬ್ಬದಲ್ಲಿ ಮನೆಯಿಂದ ದೂರ ಇರುವವರು ಅವರೂ ತಾನೇ. ಟೆಕ್ಲೆ ನಿನ್ನ ಎರಡು ಕೆನ್ನೆಗೂ ಮುತ್ತು ಕಳಿಸಿದ್ದಾಳೆ.

ಎಂದೂ ನಿನ್ನ ಒಳಿತನ್ನೇ ಬೇಡುವ,
ಅಕ್ಕ ಲಮಾರಾ

ತಾ.ಕ.: ಶಾಕ್ರೊ ವ್ಯಾನು ಸ್ಟಾರ್ಟ್ ಮಾಡಿ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮದುವೆ ಬರುವ ಭಾನುವಾರ. ಜ್ಞಾನಸ್ನಾನದ ದಿನ ನೀನು ಆಡಿದ ಮಾತು ಪಾದ್ರಿಗಳಿಗೆ ಅಕ್ಷರ ಬಿಡದೆ ನೆನಪಿದೆ, ಹಬ್ಬದ ವಾರ ಮುಗಿದ ಮೊದಲ ದಿನವನ್ನೇ ಗೊತ್ತುಮಾಡಿ ಕೊಟ್ಟಿದ್ದಾರೆ, ತೆರೆದ ವೈನು ಅದಕ್ಕಿಂತ ಹೆಚ್ಚು ಕಾಯುವುದೂ ಇಲ್ಲ. ಲಾರಿಯನ್ನು ಜೊತೆಗಾರನಿಗೆ ಒಪ್ಪಿಸಿ ಇದೇ ವ್ಯಾನು ಹತ್ತಿ ಬಾ. ಬರದಿದ್ದರೆ ಪಂಕ್ತಿಯ ಯಜಮಾನಿಕೆ ವಲೀಕೊ ಮಾಡುತ್ತಾನಂತೆ, ಯಾವ ಊಟಕ್ಕೆ ಯಾವ ವೈನು ಎಂಬುದನ್ನೂ ಅವನೇ ಹೇಳುತ್ತಾನಂತೆ. ದೊಡ್ಡ ಬಾಗಿಲಿನ ಬೀಗದ ಕೈ ಮರೆಯದೆ ತಾ. ಬರೆದದ್ದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಅವಳ ಎಣಿಕೆ ತಪ್ಪಿರಬೇಕು ಎಂದು ಬರೆದಲ್ಲಿಗೆ ಬಂದಾಗ ಕೋಲಿನಿಂದ ನೆಲ ಕುಟ್ಟಿ, "ಅದನ್ನ ಹೊಡೆದು ಹಾಕು. ನಂಗೆ ಎರಡೂ ಬಾಗಿಲಿಂದ ಎಣಿಸೋಕೆ ಬರುತ್ತೆ ಅಂತ ಬರಿ" ಎಂದಳು.